ಐದು ಸುರಂಗ ಒಣಗಿದವು, ಆರನೆಯದರಲ್ಲಿ ನೀರು

ಫಾಲ್ಗುಣದಲ್ಲಿ ನಾಯಕನಹಟ್ಟಿಯ ತೇರು ಹೊರಡುವ ಹೊತ್ತಿಗೆ ನಮ್ಮ ಹೋಬಳಿಯ ಕೊಳವೆ ಬಾವಿಗಳ ದನಿ ಬದಲಾಗಿರುತ್ತದೆ. ಮಾಗಿಯಲ್ಲಿ ಒಂದೇ ಸಮ ನೀರು ಎತ್ತುತ್ತಿದ್ದ ಮೋಟಾರು ಈಗ ನಡುನಡುವೆ ಗಾಳಿ ಕಕ್ಕಲು ಮೊದಲು ಮಾಡುತ್ತದೆ. ಜಾತ್ರೆಗೆ ಬಂದ ಭಕ್ತರು ತಿಪ್ಪೇರುದ್ರಸ್ವಾಮಿಯ ಸನ್ನಿಧಿಯಲ್ಲಿ ಒಣ ಕೊಬ್ಬರಿ ಸುಟ್ಟು ಹರಕೆ ತೀರಿಸುತ್ತಿರುವಾಗ, ತೋಟದ ಒಡೆಯನ ಮನಸ್ಸು ಮಾತ್ರ ಊರಾಚೆಯ ಅಡಿಕೆ ಸಸಿಗಳ ಬಳಿ ಇರುತ್ತದೆ. ಈ ಬೇಸಿಗೆ ದಾಟಿದರೆ ಸಾಕು ಎಂಬ ಹರಕೆಯೂ ಆ ಕೊಬ್ಬರಿಯ ಜೊತೆಗೆ ಎಷ್ಟೋ ಸಲ ಸೇರಿಕೊಂಡಿರುತ್ತದೆ.

ಚಳ್ಳಕೆರೆ ಸೀಮೆ ಶೇಂಗಾ ಸೀಮೆ. ವರ್ಷಕ್ಕೆ 500 ಮಿಲಿಮೀಟರಿನ ಆಸುಪಾಸಿನ ಮಳೆಯನ್ನೇ ನಂಬಿ ಬಿತ್ತಿ ಬದುಕಿದವರು ನಾವು. ಆದರೂ ನಮ್ಮಲ್ಲಿ ಅನೇಕ ಮನೆಗಳ ಹಿರಿಯರಿಗೆ ಚಿಕ್ಕಂದಿನಿಂದ ಒಂದು ಆಸೆ ಉಳಿದುಬಂದಿದೆ. ಹೊಳಲ್ಕೆರೆಯ ಕಡೆಗೋ ಚನ್ನಗಿರಿಯ ಕಡೆಗೋ ನೆಂಟರ ಮನೆಗೆ ಹೋದಾಗ ಕಂಡ ಅಡಿಕೆ ತೋಟದ ನೆರಳು, ಕಾಲುವೆಯ ತಂಪು ಅವರ ಕಣ್ಣಿನಿಂದ ಮರೆಯಾಗಿಲ್ಲ. ನಮಗೂ ಅಂಥದ್ದೊಂದು ತೋಟವಾಗಬೇಕು ಎಂಬ ಈ ಆಸೆಯನ್ನು ತಪ್ಪೆನ್ನಲಾಗದು. ಆಸೆಗೆ ನೀರು ಎಲ್ಲಿಂದ ಎಂಬುದೇ ಪ್ರಶ್ನೆ. ಪಾಯಿಂಟು ನೋಡಿಸುವುದು, ಕೊರೆಯುವ ಲಾರಿ ಕರೆಸುವುದು, ಧೂಳು ಮಾತ್ರ ಎದ್ದರೆ ಇನ್ನೊಂದು ಪಾಯಿಂಟು ನೋಡಿಸುವುದು, ಅಷ್ಟರಲ್ಲಿ ಒಡವೆ ಅಡವಿಗೆ ಹೋಗುವುದು. ಇದು ಯಾರ ಮನೆಯ ಕಥೆ ಎಂದು ಹೆಸರು ಹೇಳುವ ಅಗತ್ಯವಿಲ್ಲ.

ಈ ಲೇಖನದಲ್ಲಿ ಓದುಗ ಬಾಂಧವರ ಮುಂದಿಡಬಯಸುವುದು ಇಂಥದೇ ಆಸೆಯನ್ನು ಹೊತ್ತ ಇನ್ನೊಬ್ಬ ಬೆಳೆಗಾರರ ವೃತ್ತಾಂತ. ಅವರು ನಮ್ಮ ಸೀಮೆಯವರಲ್ಲ. ದಕ್ಷಿಣ ಕನ್ನಡ ಜಿಲ್ಲೆ, ಬಂಟ್ವಾಳ ತಾಲ್ಲೂಕು, ಅಡ್ಯನಡ್ಕದ ಬಳಿಯ ಕೇಪು ಗ್ರಾಮದ ಶ್ರೀ ಅಮೈ ಮಹಾಲಿಂಗ ನಾಯ್ಕರು. 2022ರಲ್ಲಿ ಕೇಂದ್ರ ಸರ್ಕಾರ ಅವರಿಗೆ ಕೃಷಿ ಕ್ಷೇತ್ರದಿಂದ ಪದ್ಮಶ್ರೀ ಪ್ರಶಸ್ತಿ ಘೋಷಿಸಿದಾಗ ಪತ್ರಿಕೆಗಳಲ್ಲಿ ಅವರ ಭಾವಚಿತ್ರವನ್ನು ನೋಡಿದವರು ಬಹಳ ಮಂದಿ ಇರಬಹುದು. ಪ್ರಶಸ್ತಿಯ ಸುದ್ದಿ ಒಂದು ವಾರದಲ್ಲಿ ಹಳತಾಯಿತು. ಅದರ ಹಿಂದಿನ ಲೆಕ್ಕವನ್ನು ಮಾತ್ರ ಅಡಿಕೆ ಬೆಳೆಯುವವರೆಲ್ಲ ಒಮ್ಮೆ ಕುಳಿತು ಹಾಕಿ ನೋಡಬೇಕು.

ಬೇರೆಯವರ ಮರ, ಬೇರೆಯವರ ಗೊನೆ

ಕಲ್ಲಡ್ಕದಿಂದ ವಿಟ್ಲ ದಾಟಿ ಕಾಸರಗೋಡಿನ ಕಡೆಗೆ ಹೋಗುವ ರಸ್ತೆಯಲ್ಲಿ, ಕೇರಳದ ಗಡಿ ಇನ್ನೇನು ಬಂತು ಎನ್ನುವಲ್ಲಿ ಅಡ್ಯನಡ್ಕ ಸಿಗುತ್ತದೆ. ಸಹಕಾರಿಗಳಾದ ನಮಗೆ ಆ ಹೆಸರು ಹೊಸದಲ್ಲ. 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಸ್ಥಾಪನೆಗೆ ಮುಂದಾಳುತನ ವಹಿಸಿದ ವಾರಣಾಶಿ ಸುಬ್ರಾಯ ಭಟ್ಟರು ಅದೇ ಆಸುಪಾಸಿನವರು. ಅಡಿಕೆಯ ಧಾರಣೆ ಕುಸಿದು ಬೆಳೆಗಾರರು ದಿಕ್ಕುಗಾಣದೆ ನಿಂತಿದ್ದ ಕಾಲವದು. ಬೆಳೆಗಾರರೆಲ್ಲ ಒಂದಾಗಿ ಮಾರುಕಟ್ಟೆಯನ್ನು ಎದುರಿಸಬೇಕು ಎಂಬ ಯೋಚನೆ ಬೆಳೆದ ಅದೇ ನೆಲದಲ್ಲಿ, ಸಂಘಕ್ಕೆ ಸದಸ್ಯನಾಗಲು ಬೇಕಾದ ತೋಟವೇ ಇಲ್ಲದ ಒಬ್ಬ ಕೂಲಿಕಾರರು ಮರ ಹತ್ತಿ ಗೊನೆ ಇಳಿಸುತ್ತಿದ್ದರು ಎಂಬುದನ್ನೂ ನಾವು ಮರೆಯಬಾರದು. ಅವರೇ ಮಹಾಲಿಂಗ ನಾಯ್ಕರು.

ಅವರಿಗೆ ಅಕ್ಷರ ಕಲಿಯುವ ಯೋಗ ಒದಗಲಿಲ್ಲ. ಅಡಿಕೆ ಮರ, ತೆಂಗಿನ ಮರ ಹತ್ತುವುದರಲ್ಲಿ ಕೈ ಪಳಗಿತ್ತು. ಈ ಕೆಲಸದ ಬೆಲೆ ನಮ್ಮ ಓದುಗರಿಗೆ ಗೊತ್ತಿರುವಂಥದು. ಕೊಯ್ಲಿನ ಕಾಲಕ್ಕೂ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಕಾಲಕ್ಕೂ ಮರ ಹತ್ತುವವರು ಸಿಗದೆ ಒದ್ದಾಡದ ಬೆಳೆಗಾರ ಯಾವ ಊರಿನಲ್ಲಿದ್ದಾನೆ? ತೋಟದ ಅಂದಚೆಂದವನ್ನು ಅದರ ಒಡೆಯನಿಗಿಂತ ಚೆನ್ನಾಗಿ ಬಲ್ಲವನು ಮರದ ತುದಿಯಲ್ಲಿ ಕುಳಿತವನು. ಯಾವ ಮರ ಎಷ್ಟು ಗೊನೆ ಬಿಟ್ಟಿದೆ, ಯಾವುದಕ್ಕೆ ನೀರು ಸಾಲದೆ ಹಿಂಗಾರ ಒಣಗಿದೆ, ಎಲ್ಲಿ ಕೊಳೆ ಹತ್ತಿದೆ ಎಂಬುದೆಲ್ಲ ಅವನ ಕಣ್ಣಿಗೆ ಮೊದಲು ಬೀಳುತ್ತದೆ. ಅಷ್ಟೆಲ್ಲ ಬಲ್ಲವನಿಗೆ ಒಂದು ಮರವೂ ಸ್ವಂತದ್ದಲ್ಲ. ನಾಯ್ಕರ ಮನಸ್ಸಿನಲ್ಲಿ ಸ್ವಂತ ತೋಟದ ಆಸೆ ಬೇರೂರಿದ್ದರೆ ಅದರಲ್ಲಿ ಸೋಜಿಗವೇನೂ ಇಲ್ಲ.

1974ರ ಭೂಸುಧಾರಣೆ ಶಾಸನದಿಂದ ಕರಾವಳಿಯ ಗೇಣಿದಾರರು ಅನೇಕರು ಭೂಮಾಲೀಕರಾದರು. ಆದರೆ ಗೇಣಿಚೀಟಿಯೇ ಇಲ್ಲದ ಕೂಲಿಕಾರನಿಗೆ ಆ ಶಾಸನದಿಂದ ತೋಟ ಬರಲಿಲ್ಲ. ನಾಯ್ಕರಿಗೆ ನೆಲ ಬಂದುದು ಬೇರೆ ದಾರಿಯಿಂದ. 1978ರ ಸುಮಾರಿಗೆ, ಅವರು ಯಾರ ತೋಟದಲ್ಲಿ ದುಡಿಯುತ್ತಿದ್ದರೋ ಆ ಯಜಮಾನರು ಅವರ ದುಡಿಮೆಯನ್ನೂ ಪ್ರಾಮಾಣಿಕತೆಯನ್ನೂ ಮೆಚ್ಚಿ ಗುಡ್ಡದ ಇಳಿಜಾರಿನಲ್ಲಿ ಎರಡು ಎಕರೆ ಜಾಗವನ್ನು ಕೊಟ್ಟರು. ಕೊಟ್ಟವರ ಔದಾರ್ಯ ದೊಡ್ಡದೇ. ಜಾಗ ಮಾತ್ರ ಬೋಳು ಗುಡ್ಡ. ಹುಲ್ಲು, ಮುಳ್ಳು, ಮುರಕಲ್ಲು. ಕುಡಿಯಲೂ ನೀರಿಲ್ಲ. ಗುಡಿಸಲು ಹಾಕಿಕೊಂಡ ಸಂಸಾರ ಕೊಡದಲ್ಲಿ ನೀರು ಹೊತ್ತು ತರಬೇಕು. ಅಂಥಲ್ಲಿ ಅಡಿಕೆ ನೆಡುತ್ತೇನೆ ಎಂದವರನ್ನು ಕಂಡು ಊರವರು ನಕ್ಕರೆ ಅವರನ್ನು ದೂರಲಾಗದು.

ಗುಡ್ಡದ ಹೊಟ್ಟೆಗೆ ದಾರಿ

ಬಯಲುಸೀಮೆಯ ಓದುಗರಿಗೆ ಇಲ್ಲಿ ಒಂದು ವಿಷಯ ತಿಳಿಸಬೇಕು. ದಕ್ಷಿಣ ಕನ್ನಡದ ಬಂಟ್ವಾಳ, ಪುತ್ತೂರು, ಸುಳ್ಯದ ಕಡೆಗಳಲ್ಲಿಯೂ ಕಾಸರಗೋಡಿನ ಕನ್ನಡ ನಾಡಿನಲ್ಲಿಯೂ ನೀರಿಗಾಗಿ ಸುರಂಗ ತೋಡುವ ಪದ್ಧತಿ ಇದೆ. ಬಾವಿಯನ್ನು ಕೆಳಮುಖವಾಗಿ ತೋಡುತ್ತಾರೆ. ಸುರಂಗವನ್ನು ಗುಡ್ಡದ ಬದಿಯಿಂದ ಅಡ್ಡಲಾಗಿ ಒಳಕ್ಕೆ ತೋಡುತ್ತಾರೆ. ಒಬ್ಬ ಮನುಷ್ಯ ಬಗ್ಗಿ ನಿಲ್ಲುವಷ್ಟು ಎತ್ತರ, ಎರಡು ಮೂರು ಅಡಿ ಅಗಲ. ಮಳೆಗಾಲದಲ್ಲಿ ಮುರಕಲ್ಲಿನ ರಂಧ್ರಗಳಲ್ಲಿ ಇಂಗಿದ ನೀರು ಒಳಗೆ ಎಲ್ಲಿಯೋ ಜಿನುಗುತ್ತಿರುತ್ತದೆ. ಆ ಒಸರು ಸಿಗುವವರೆಗೆ ಅಗೆಯುತ್ತ ಹೋಗುವುದು. ಸುರಂಗದ ತಳಕ್ಕೆ ಹೊರಮುಖವಾಗಿ ಅಲ್ಪ ಇಳಿಜಾರು ಕೊಟ್ಟಿರುವುದರಿಂದ ನೀರು ತಾನಾಗಿ ಹರಿದು ಹೊರಗಿನ ತೊಟ್ಟಿಗೆ ಬೀಳುತ್ತದೆ. ಪಂಪು ಬೇಡ, ಕರೆಂಟು ಬೇಡ, ಬಿಲ್ಲಿಲ್ಲ. ಪರ್ಷಿಯಾ ದೇಶದಲ್ಲಿ ಇದನ್ನು ಹೋಲುವ, ಕನಾತ್ ಎಂದು ಕರೆಯುವ ಪುರಾತನ ನೆಲಗಾಲುವೆಗಳಿವೆ. ಕಡಲ ವ್ಯಾಪಾರದ ದಾರಿಯಲ್ಲಿ ಆ ವಿದ್ಯೆ ನಮ್ಮ ಕರಾವಳಿಗೆ ಬಂದಿರಬಹುದು ಎಂದು ಊಹಿಸುವವರಿದ್ದಾರೆ.

ವಿವರಿಸಲು ಇದು ಸುಲಭ. ತೋಡುವವನ ಪಾಡು ಬೇರೆ. ಒಳಗೆ ಕತ್ತಲೆ. ಕೈ ಬೀಸಿ ಗುದ್ದಲಿ ಎತ್ತಲು ಜಾಗವಿಲ್ಲ. ಒಂದಿಷ್ಟು ಅಗೆಯುವುದು, ಮಣ್ಣನ್ನು ಬುಟ್ಟಿಗೆ ತುಂಬುವುದು, ಬಗ್ಗಿಕೊಂಡೇ ಹೊರಗೆ ತಂದು ಸುರಿಯುವುದು, ಮತ್ತೆ ಒಳಗೆ ಹೋಗುವುದು. ಒಳಹೋದಷ್ಟೂ ಗಾಳಿ ಕಡಿಮೆ. ಉರಿಯುವ ದೀಪ ಬೆಳಕಿಗೂ ಹೌದು, ಎಚ್ಚರಿಕೆಗೂ ಹೌದು. ದೀಪ ಮಂಕಾಗಿ ಆರಿತೆಂದರೆ ಉಸಿರಿಗೆ ಬೇಕಾದ ಗಾಳಿ ಇಲ್ಲವೆಂದು ತಿಳಿದು ಕೂಡಲೇ ಹೊರಬರಬೇಕು. ಮೇಲಿನ ಮಣ್ಣು ಸಡಿಲವಾಗಿದ್ದರೆ ಕುಸಿಯುವ ಭಯ ಬೇರೆ. ಆದ್ದರಿಂದಲೇ ಈ ಕೆಲಸಕ್ಕೆ ಕನಿಷ್ಠ ಇಬ್ಬರು ಬೇಕು, ಒಬ್ಬ ಅಗೆಯಲು, ಇನ್ನೊಬ್ಬ ಮಣ್ಣು ಸಾಗಿಸಲು.

ನಾಯ್ಕರಲ್ಲಿ ಇನ್ನೊಬ್ಬನಿಗೆ ಕೊಡಲು ಕೂಲಿ ಇರಲಿಲ್ಲ. ಹಗಲು ಬೇರೆಯವರ ತೋಟದಲ್ಲಿ ಮರ ಹತ್ತಿ ದುಡಿದು ಬಂದು, ಉಳಿದ ಹೊತ್ತಿನಲ್ಲಿ, ಕತ್ತಲಾದ ಮೇಲೂ ದೀಪವಿಟ್ಟುಕೊಂಡು ಒಬ್ಬರೇ ಅಗೆದರು. ಅಗೆಯುವವರೂ ಅವರೇ, ಹೊರುವವರೂ ಅವರೇ.

ಮೊದಲನೆಯ ಸುರಂಗ ವ್ಯರ್ಥವಾಯಿತು. ಅದನ್ನು ಬಿಟ್ಟು ಇನ್ನೊಂದು ಕಡೆ ತೋಡಿದರು. ಅದೂ ಆಗಲಿಲ್ಲ. ಮೂರನೆಯದು, ನಾಲ್ಕನೆಯದು, ಐದನೆಯದು. ವರ್ಷಗಳು ಕಳೆದವು. ಒಂದರಲ್ಲಿಯೂ ತೋಟಕ್ಕಾಗುವ ನೀರು ಬರಲಿಲ್ಲ. ಇಲ್ಲಿ ಓದುಗರು ಸ್ವಲ್ಪ ನಿಂತು ಯೋಚಿಸಬೇಕು. ನಮ್ಮ ಕಡೆ ಬೋರು ವಿಫಲವಾದರೆ ಒಂದು ರಾತ್ರಿಯಲ್ಲಿ ತೀರ್ಮಾನವಾಗಿ ಹೋಗುತ್ತದೆ. ಲಾರಿ ಬಂದ ದಾರಿಯಲ್ಲಿ ಹೋಗುತ್ತದೆ, ಸಾಲ ಉಳಿಯುತ್ತದೆ. ಅವರಿಗೆ ಒಂದೊಂದು ಸೋಲೂ ತಿಂಗಳುಗಟ್ಟಲೆ ನಿಧಾನವಾಗಿ ಬಂದ ಸೋಲು. ಇಂದು ಒಂದು ಮೊಳ, ನಾಳೆ ಒಂದು ಮೊಳ, ಎಲ್ಲವೂ ಒಣ ಮಣ್ಣು. ಆದರೆ ಆ ಸೋಲು ತಿಂದದ್ದು ಅವರ ಬೆವರನ್ನು. ಮನೆಯನ್ನು ಅಡವು ಹಾಕಿಸಲಿಲ್ಲ, ಮಕ್ಕಳ ತಲೆಯ ಮೇಲೆ ಹೊರೆ ಇರಿಸಲಿಲ್ಲ. ಹಟ ಎಂಬುದು ಒಳ್ಳೆಯದೋ ಕೆಟ್ಟದೋ ಎಂದು ಕೇಳಿದರೆ, ಅದಕ್ಕೆ ಯಾರು ಬೆಲೆ ತೆರುತ್ತಾರೆ ಎಂಬುದನ್ನು ನೋಡಿ ಹೇಳಬೇಕು ಎಂದು ನನಗೆ ತೋರುತ್ತದೆ. ಮೂರು ಮಕ್ಕಳ ತಂದೆಯಾಗಿದ್ದ ನಾಯ್ಕರು ಬೆಲೆಯನ್ನೆಲ್ಲ ತಮ್ಮ ಮೈಯಿಂದಲೇ ತೆತ್ತರು. ಹಗಲಿನ ಕೂಲಿಯನ್ನು ಬಿಡಲಿಲ್ಲ, ಮನೆಯ ಗಂಜಿಗೆ ಕೊರತೆ ಮಾಡಿ ಕನಸಿನ ಹಿಂದೆ ಹೋಗಲಿಲ್ಲ.

ಆರನೆಯ ಸುರಂಗದಲ್ಲಿ ನೀರು ಕಂಡಿತು. ಅಷ್ಟಕ್ಕೇ ನಿಲ್ಲದೆ ಮುಂದೆ ಮತ್ತೊಂದನ್ನೂ ತೋಡಿದರು.

ಕಲ್ಲು ಹೊತ್ತ ಲೆಕ್ಕ

ನೀರು ಬಂದ ಮಾತ್ರಕ್ಕೆ ತೋಟವಾಗಲಿಲ್ಲ. ಇಳಿಜಾರಿನಲ್ಲಿ ಅಡಿಕೆ ನೆಟ್ಟರೆ ಮೊದಲ ಮಳೆಗೆ ಮಣ್ಣೆಲ್ಲ ಕೆಳಗೆ. ದಕ್ಷಿಣ ಕನ್ನಡದ ಮಳೆ ನಮ್ಮ ಮಳೆಯಂತಲ್ಲ, ವರ್ಷಕ್ಕೆ 3,500 ಮಿಲಿಮೀಟರನ್ನೂ ಮೀರಿ ಸುರಿಯುತ್ತದೆ. ಹಾಗಾಗಿ ಗುಡ್ಡವನ್ನು ಕಡಿದು ಮಟ್ಟ ಮಾಡಿ, ಮೆಟ್ಟಿಲು ಮೆಟ್ಟಿಲಾಗಿ ತಟ್ಟು ಮಾಡಿ, ಪ್ರತಿ ತಟ್ಟಿಗೂ ಕಲ್ಲಿನ ಕಟ್ಟೆ ಕಟ್ಟಬೇಕಾಯಿತು. ಆ ಕಲ್ಲುಗಳನ್ನೂ ಸಾವಿರಾರು ಸಂಖ್ಯೆಯಲ್ಲಿ ಅವರೇ ಹೊತ್ತು ತಂದರು. ಕೂಲಿ ಮುಗಿಸಿ ಬರುವಾಗ ಬರಿಗೈಯಲ್ಲಿ ಬರುವ ಬದಲು ಕಲ್ಲು ಹೊತ್ತು ಬರುವುದು. ಇದು ಕೇಳಲು ಸಣ್ಣ ಮಾತು. ದಿನಕ್ಕೆ ಎರಡು ಕಲ್ಲು ಎಂದಿಟ್ಟುಕೊಂಡರೂ ವರ್ಷಕ್ಕೆ 730 ಆಗುತ್ತದೆ ಎಂಬುದನ್ನು ಗುಣಿಸಿ ನೋಡಿದವರು ಕಡಿಮೆ.

ಪತ್ರಿಕೆಗಳ ವರದಿಯಂತೆ ಆ ಗುಡ್ಡದಲ್ಲಿ ಸುಮಾರು 300 ಅಡಿಕೆ, 75 ತೆಂಗು, ಜೊತೆಗೆ ಗೇರು, ಬಾಳೆ, ಕಾಳುಮೆಣಸು ಮೇಲೆದ್ದವು. ಅಡಿಕೆಗೆ ಸಾಮಾನ್ಯವಾಗಿ ಹೇಳುವ ಅಂತರ 2.7 ಮೀಟರು, ಅಂದರೆ ಒಂಬತ್ತು ಅಡಿ. ಆ ಅಂತರದಲ್ಲಿ ಎಕರೆಗೆ 550 ಮರ ಹಿಡಿಯುತ್ತವೆ. 300 ಮರ ಎಂದರೆ ಸುಮಾರು 22 ಗುಂಟೆ. ಅಡಿಕೆ ಮಾರುಕಟ್ಟೆಯಲ್ಲಿ ಇಷ್ಟು ತೋಟದವನನ್ನು ಯಾರೂ ಕುರ್ಚಿ ಕೊಟ್ಟು ಕೂರಿಸುವುದಿಲ್ಲ. ಆದರೆ ನೀರಿನ ಲೆಕ್ಕದಿಂದ ನೋಡಿದರೆ ಈ 22 ಗುಂಟೆಯ ಹಿಂದೆ ದೊಡ್ಡ ವಿವೇಕವಿದೆ.

ಹನಿ ನೀರಾವರಿಯಲ್ಲಿ ಒಂದು ಅಡಿಕೆ ಮರಕ್ಕೆ ಬೇಸಿಗೆಯಲ್ಲಿ ದಿನಕ್ಕೆ 16ರಿಂದ 20 ಲೀಟರು ಬೇಕೆಂದು ಹೇಳುತ್ತಾರೆ. 300 ಮರಕ್ಕೆ ದಿನಕ್ಕೆ ಐದಾರು ಸಾವಿರ ಲೀಟರು. ಈಗ ನಿಮಿಷಕ್ಕೆ ನಾಲ್ಕೇ ಲೀಟರು ಹರಿಯುವ ಒಂದು ಧಾರೆಯನ್ನು ಊಹಿಸಿರಿ. ಬೋರು ಕೊರೆಸಿದ ಜಾಗದಲ್ಲಿ ಇಷ್ಟು ನೀರು ಬಂದರೆ ನಮ್ಮವರು ಫೇಲಾಯಿತು ಎಂದು ಕಲ್ಲು ಮುಚ್ಚಿ ಮನೆಗೆ ಹೋಗುತ್ತಾರೆ. ಆದರೆ ಹಗಲಿರುಳೂ ಬಿಡದೆ ಹರಿದರೆ ಅದು ದಿನಕ್ಕೆ 5,760 ಲೀಟರು. ತೊಟ್ಟಿಯಲ್ಲಿ ಹಿಡಿದಿಟ್ಟುಕೊಂಡರೆ 300 ಮರದ ಬಾಯಾರಿಕೆ ತೀರುತ್ತದೆ. ಸುರಂಗದ ನೀರಿನ ಗುಟ್ಟು ಇಷ್ಟೇ. ಅದು ರಭಸದ ನೀರಲ್ಲ, ಬಿಡುವಿಲ್ಲದ ನೀರು. ರಾತ್ರಿ ನಾವು ಮಲಗಿದ್ದಾಗಲೂ ತೊಟ್ಟಿ ತುಂಬುತ್ತಿರುತ್ತದೆ.

ಸಿಕ್ಕ ನೀರು ಎಷ್ಟೋ ಅಷ್ಟಕ್ಕೆ ತೋಟ. ಇದು ಆ ಸೀಮೆಯ ಸುರಂಗ ಕೃಷಿಕರೆಲ್ಲರ ಹಳೆಯ ಕ್ರಮ. ನಾವು ಮಾಡುತ್ತಿರುವುದು ಇದಕ್ಕೆ ಉಲ್ಟಾ. ಮೊದಲು ಐದು ಎಕರೆ ಸಸಿ ನೆಡುತ್ತೇವೆ. ಆಮೇಲೆ ನೀರು ಹುಡುಕಲು ಹೊರಡುತ್ತೇವೆ. ಐದು ಎಕರೆಗೆ 2,750 ಮರ, ಹನಿ ನೀರಾವರಿಯಲ್ಲಿಯೂ ದಿನಕ್ಕೆ 50,000 ಲೀಟರಿನ ಆಸುಪಾಸು. ಮೊದಲ ಮೂರು ವರ್ಷ ಸಸಿ ಚಿಕ್ಕದು, ಕುಡಿಯುವುದು ಕಡಿಮೆ, ಬೋರೂ ಹೊಸದು. ಮನೆಯವರೆಲ್ಲ ಸಂತೋಷದಲ್ಲಿರುತ್ತಾರೆ. ಐದನೆಯ ವರ್ಷ ಹಿಂಗಾರ ಒಡೆಯುವ ಹೊತ್ತಿಗೆ ಮರಕ್ಕೆ ನೀರು ಹೆಚ್ಚು ಬೇಕು, ಅದೇ ಹೊತ್ತಿಗೆ ಬೋರು ಇಳಿಯುತ್ತದೆ. ಫಸಲು ಕಣ್ಣೆದುರಿಗೆ ಇರುವಾಗ ಯಾವ ತಂದೆ ತಾನೇ ಸುಮ್ಮನಿರುತ್ತಾನೆ? ಟ್ಯಾಂಕರಿನಲ್ಲಿ ನೀರು ಹೊಡೆಸುತ್ತಾನೆ. ಮತ್ತೆ ಪಾಯಿಂಟು, ಮತ್ತೆ ಲಾರಿ. ಆ ತಂದೆಯ ಹಟ ಮಹಾಲಿಂಗ ನಾಯ್ಕರ ಹಟಕ್ಕಿಂತ ಒಂದು ಗುಲಗಂಜಿಯೂ ಕಡಿಮೆಯಲ್ಲ ಎಂಬುದನ್ನು ನಾನು ಒಪ್ಪುತ್ತೇನೆ. ಲೆಕ್ಕ ಮಾತ್ರ ಬೇರೆ.

ನಮ್ಮ ನೆಲದಲ್ಲಿ ಏನು ಸಾಧ್ಯ

ಈ ಲೇಖನ ಓದಿ ಯಾರೂ ಪಿಕಾಸಿ ಹಿಡಿದು ನಾಯಕನಹಟ್ಟಿಯ ಗುಡ್ಡಕ್ಕೆ ಹೋಗಬಾರದು ಎಂದು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಅಲ್ಲಿಯದು ನೀರು ಕುಡಿದು ನೀರು ಬಿಡುವ ಮುರಕಲ್ಲು, ಮೇಲೆ ನಮಗಿಂತ ಏಳೆಂಟು ಪಟ್ಟು ಮಳೆ. ನಮ್ಮದು ಗಟ್ಟಿ ಬಂಡೆ. ಇಲ್ಲಿ ಸುರಂಗ ತೋಡಿದರೆ ಕೈ ನೋಯುವುದೊಂದೇ ಲಾಭ. ಮುರಕಲ್ಲಿನ ಸೀಮೆಯಲ್ಲಿಯೂ ಬಲ್ಲವರ ಜೊತೆಯಿಲ್ಲದೆ, ಒಬ್ಬೊಬ್ಬರೇ ಸುರಂಗಕ್ಕೆ ಇಳಿಯುವುದು ಅಪಾಯ. ನಾಯ್ಕರು ಒಬ್ಬರೇ ಅಗೆದುದು ಬೇರೆ ದಾರಿ ಇಲ್ಲದೆ. ಕೊಳವೆ ಬಾವಿ ಬಂದ ಮೇಲೆ ಅಲ್ಲಿಯೂ ಹೊಸ ಸುರಂಗ ತೋಡಿಸುವವರು ಕಡಿಮೆಯಾಗಿದ್ದಾರೆ, ತೋಡಬಲ್ಲ ಕೈಗಳೂ ಕಡಿಮೆಯಾಗಿವೆ. ಅಡಿಕೆ ಪತ್ರಿಕೆಯ ಶ್ರೀ ಪಡ್ರೆಯವರಂಥ ಲೇಖಕರು ಈ ವಿದ್ಯೆಯ ಬಗ್ಗೆ ಬರೆಯುತ್ತ ಬಂದಿರದಿದ್ದರೆ ಘಟ್ಟದ ಮೇಲಿನ ನಮಗೆ ಅದರ ಹೆಸರೂ ತಿಳಿಯುತ್ತಿರಲಿಲ್ಲ.

ಹಾಗಾದರೆ ನಮ್ಮ ಸೀಮೆಯ ವಿದ್ಯೆ ಯಾವುದು? ಅದನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ತೇರಿನ ದಿನ ನಾವು ಯಾರಿಗೆ ಕೈಮುಗಿಯುತ್ತೇವೆಯೋ ಆ ತಿಪ್ಪೇರುದ್ರಸ್ವಾಮಿಗಳು ಕೆರೆ ಕಟ್ಟಿಸಿದವರು ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಕೆರೆಯ ಕೆಲಸಕ್ಕೆ ಬಂದ ಆಳುಗಳಿಗೆ ಸ್ವಾಮಿಗಳು ಸಂಜೆ ಮರಳಿನ ಗುಡ್ಡೆ ಮಾಡಿಸುತ್ತಿದ್ದರಂತೆ. ಯಾರು ಎಷ್ಟು ದುಡಿದಿದ್ದರೋ ಅವರವರ ಗುಡ್ಡೆಯಲ್ಲಿ ಅಷ್ಟೇ ಕೂಲಿ ಸಿಗುತ್ತಿತ್ತಂತೆ. 'ಮಾಡಿದಷ್ಟು ನೀಡು ಭಿಕ್ಷೆ' ಎಂಬ ಮಾತು ಅಂದಿನಿಂದ ನಮ್ಮಲ್ಲಿ ಉಳಿದುಕೊಂಡಿದೆ. ಐತಿಹ್ಯವನ್ನು ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ಆದರೆ 500 ಮಿಲಿಮೀಟರು ಮಳೆಯ ನಾಡಿನಲ್ಲಿ ಬಿದ್ದ ಹನಿಯನ್ನು ಅಡ್ಡಗಟ್ಟಿ ನಿಲ್ಲಿಸುವುದೇ ಮೊದಲ ಕೆಲಸ ಎಂದು ಕಂಡುಕೊಂಡ ಆ ಹಿರಿಯರ ಲೆಕ್ಕವನ್ನು ಯಾವ ಇಂಜಿನಿಯರೂ ತಪ್ಪೆನ್ನಲಾರ.

ಕೆರೆಯ ಹೂಳು, ಹಳ್ಳದ ಒಡ್ಡು, ಹೊಲದ ಬದು, ಕೃಷಿಹೊಂಡ ಇವು ನಮ್ಮ ಸುರಂಗಗಳು. 2014ರಲ್ಲಿ ರಾಜ್ಯ ಸರ್ಕಾರ ಕೃಷಿಭಾಗ್ಯ ಯೋಜನೆಯಲ್ಲಿ ಹೊಂಡಗಳಿಗೆ ಸಹಾಯಧನ ಕೊಡಲು ಆರಂಭಿಸಿದ ಮೇಲೆ ಬಹಳ ಹೊಲಗಳಲ್ಲಿ ಹೊಂಡಗಳಾದವು. ಕೆಲವು ಚೆನ್ನಾಗಿ ಉಳಿದಿವೆ, ಕೆಲವು ಹಾಳೆ ಹರಿದು ಮುಳ್ಳು ಬೆಳೆದು ನಿಂತಿವೆ. ಯೋಜನೆಯ ಹಣದಿಂದ ಹೊಂಡ ಆಗುತ್ತದೆ, ಅದರ ಹೂಳು ಎತ್ತುವುದು ಮನೆಯವರಿಂದಲೇ ಆಗಬೇಕು. ದಿನಕ್ಕೆ ಎರಡು ಕಲ್ಲಿನ ಲೆಕ್ಕ ಇಲ್ಲಿಗೂ ಅನ್ವಯಿಸುತ್ತದೆ.

ಈ ಬೇಸಿಗೆಯಲ್ಲಿ ಸದಸ್ಯ ಬಾಂಧವರು ಒಂದು ಕೆಲಸ ಮಾಡಬಹುದು. ಕೈಯಲ್ಲಿ ಗಡಿಯಾರ, ಮುಂದೆ ಅಳತೆ ಗೊತ್ತಿರುವ ಒಂದು ಡ್ರಮ್ಮು ಇಟ್ಟುಕೊಂಡು ನಿಮ್ಮ ಬೋರಿನ ನೀರನ್ನು ಅಳೆಯಿರಿ. ಮಾಗಿಯ ನೀರನ್ನಲ್ಲ, ಚೈತ್ರ ವೈಶಾಖದ ನೀರನ್ನು. ಒಂದು ತಾಸಿಗೆ ಎಷ್ಟು, ದಿನಕ್ಕೆ ಎಷ್ಟು ತಾಸು ಎಂದು ಬರೆದಿಡಿ. ಅದನ್ನು 20ರಿಂದ ಭಾಗಿಸಿದರೆ ಎಷ್ಟು ಅಡಿಕೆ ಮರವನ್ನು ನೀವು ನಿಜವಾಗಿ ಸಾಕಬಲ್ಲಿರಿ ಎಂಬುದು ತಿಳಿಯುತ್ತದೆ. ಬಂದ ಅಂಕಿ ನೆಟ್ಟ ಸಸಿಗಿಂತ ಕಡಿಮೆಯಾದರೆ ಮಕ್ಕಳನ್ನು ಕೂರಿಸಿಕೊಂಡು ಅವರಿಗೂ ಆ ಅಂಕಿಯನ್ನು ತೋರಿಸಿ. ಎಷ್ಟು ಉಳಿಸಿಕೊಳ್ಳುವುದು, ಉಳಿದ ನೆಲದಲ್ಲಿ ಶೇಂಗಾ ತೊಗರಿಗೆ ಮರಳುವುದೋ ಎಂಬುದನ್ನು ಮನೆಯವರೆಲ್ಲ ಸೇರಿ ನಿರ್ಧರಿಸಿದರೆ ಒಬ್ಬನೇ ರಾತ್ರಿ ಎದ್ದು ಕುಳಿತು ಯೋಚಿಸುವುದು ತಪ್ಪುತ್ತದೆ.

ಮಹಾಲಿಂಗ ನಾಯ್ಕರ ಗುಡ್ಡಕ್ಕೆ ಆಮೇಲೆ ದೂರದೂರದಿಂದ ಜನ ಬರಲು ಆರಂಭಿಸಿದರು. ಬಂದವರು ಮೊದಲು ನೋಡಬಯಸುವುದು ನೀರು ಬಂದ ಸುರಂಗವನ್ನು. ನನಗೆ ಅವಕಾಶ ಸಿಕ್ಕರೆ ಆ ನೀರಿಲ್ಲದ ಐದರ ಬಾಯಿಯ ಬಳಿ ಸ್ವಲ್ಪ ಹೊತ್ತು ನಿಂತು, ಅಲ್ಲಿಂದ ಆರನೆಯದಕ್ಕೆ ಎಷ್ಟು ಹೆಜ್ಜೆ ಎಂದು ಎಣಿಸಿ ಬರುವ ಆಸೆಯಿದೆ.